ಶಿಕ್ಷೆಯ ಎಲ್ಲೆ

‘ಶಿಕ್ಷಾ’ ಎಂಬ ಸಂಸ್ಕೃತ ಶಬ್ದಕ್ಕೆ ಮೂಲಾರ್ಥ ಕಲಿಕೆ. ಆರು ವೇದಾಂಗಗಳಲ್ಲಿ ಉಚ್ಚಾರಣಶಾಸ್ತ್ರಕ್ಕೆ ಅದೇ ಹೆಸರು. ಕನ್ನಡಕ್ಕೆ ಬಂದು ನೆಲಸಿದ ಮೇಲೆ ಅದಕ್ಕೆ ದಂಡನೆಯೆಂಬ ಅರ್ಥವೂ ಕೂಡಿಕೊಂಡಿತು. ಈಗ ನಮ್ಮ ಮನೆಗಳಲ್ಲಿ ಶಿಕ್ಷೆ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಬೆತ್ತವೇ ಹೊರತು ಪಾಠವಲ್ಲ. ಹದಿಮೂರು ಹದಿನಾಲ್ಕರ ಮಕ್ಕಳನ್ನು ಬಿಗಿಯಲ್ಲಿಟ್ಟು ಬೆಳೆಸಬೇಕೆಂಬ ತಂದೆತಾಯಿಗಳು ತಿದ್ದುವ ಕಾರ್ಯವನ್ನು ಎಲ್ಲಿ ಬಿಟ್ಟು ಹಿಂಸೆಯನ್ನು ಎಲ್ಲಿ ತೊಡಗುತ್ತಾರೆಂಬುದು ವಿಚಾರಾರ್ಹವಾದ ಪ್ರಶ್ನೆ.

ಬಿಗಿಯೇ ತಪ್ಪೆಂದು ನಾನು ಹೇಳುವವನಲ್ಲ. ಮುಂಜಾನೆ ಎಬ್ಬಿಸಿ ಸ್ನಾನಮಾಡಿಸಿ ಲಿಂಗಪೂಜೆಗೆ ಕೂರಿಸುವುದು, ರಾತ್ರಿ ಮೊಬೈಲನ್ನು ತೆಗೆದಿಡುವುದು, ಕೊಟ್ಟಿಗೆಯ ಕೆಲಸಕ್ಕೆ ಹಚ್ಚುವುದು, ಸುಳ್ಳು ಹೇಳಿದಾಗ ಮುಖ ಕೊಟ್ಟು ಮಾತನಾಡದಿರುವುದು—ಇವು ಮಗುವಿಗೆ ಅಪ್ರಿಯವಾದರೂ ಅಹಿತವಲ್ಲ. ಮಗ ಕೆಟ್ಟರೂ ಸುಮ್ಮನಿರುವ ತಂದೆಯ ಮೃದುತ್ವ ಎಷ್ಟೋ ವೇಳೆ ಬರಿಯ ಆಲಸ್ಯ.

ಹೊಡೆಯುವವರು ತಮಗೆ ಶಾಸ್ತ್ರಾಧಾರವುಂಟೆನ್ನುತ್ತಾರೆ. ಐದು ವರ್ಷ ಮುದ್ದಿಸು, ಹತ್ತು ವರ್ಷ ಹೊಡೆದು ತಿದ್ದು ಎಂಬ ನೀತಿಶ್ಲೋಕದ ಭಾವ ಎಲ್ಲರಿಗೂ ಬಾಯಿಪಾಠ. ಹದಿನಾರನೆಯ ವರ್ಷಕ್ಕೆ ಬಂದ ಮಗನನ್ನು ಮಿತ್ರನಂತೆ ಕಾಣಬೇಕೆಂಬ ಅದರ ಉತ್ತರಾರ್ಧ ಮಾತ್ರ ಯಾರಿಗೂ ನೆನಪಿಲ್ಲ! ಗೌತಮಧರ್ಮಸೂತ್ರವು ಶಿಷ್ಯನನ್ನು ಹೊಡೆಯದೆಯೇ ತಿದ್ದಬೇಕೆಂದು ಮೊದಲು ವಿಧಿಸುತ್ತದೆ; ಆಗದಿದ್ದಲ್ಲಿ ತೆಳುವಾದ ಹಗ್ಗವನ್ನೋ ಬಿದಿರ ಸೀಳನ್ನೋ ಒಪ್ಪಿ, ಬೇರಾವುದರಿಂದಲಾದರೂ ಹೊಡೆದವನನ್ನು ರಾಜನೇ ದಂಡಿಸತಕ್ಕದ್ದೆನ್ನುತ್ತದೆ. ಮನುವೂ ತಲೆಗೆ ಹೊಡೆದವನಿಗೆ ಕಳ್ಳನ ಪಾಪವನ್ನು ಹೇಳಿದ್ದಾನೆ. ಶರಣರು ಪ್ರಮಾಣಕ್ಕಾಗಿ ಕೈಚಾಚಿದ ಗ್ರಂಥಗಳಲ್ಲ ಇವು. ಆದರೂ ದಂಡನೆಯನ್ನು ಒಪ್ಪಿದ ಆ ಸ್ಮೃತಿಕಾರರಿಗೆ ಸಹ ಎಲ್ಲೆಯೊಂದು ಬೇಕೆನಿಸಿತ್ತು.

ಇಂದಿನ ಶಾಸನದ ಮಾತು ಇನ್ನೂ ಸ್ಪಷ್ಟವಾಗಿದೆ. ಮಗುವಿನ ಹಿತಕ್ಕಾಗಿ ಸದ್ಭಾವದಿಂದ ಪೋಷಕನು ಮಾಡಿದ್ದಕ್ಕೆ 1860ರ ದಂಡಸಂಹಿತೆ ಕೊಟ್ಟಿದ್ದ ರಕ್ಷಣೆ ಹನ್ನೆರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಮಾತ್ರ; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಷ್ಟೇ. ಹದಿನಾಲ್ಕರ ಮಗನನ್ನು ಬಾರಿಸುವ ತಂದೆಗೆ ಆ ಆಸರೆಯಿಲ್ಲ. 2015ರ ಬಾಲನ್ಯಾಯ ಕಾಯಿದೆಯ 75ನೆಯ ಪ್ರಕರಣದಂತೆ, ತನ್ನ ವಶದಲ್ಲಿರುವ ಮಗುವಿಗೆ ಕ್ರೌರ್ಯವೆಸಗಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ ಉಂಟು. 1098ಕ್ಕೆ ಮಗುವೇ ಕರೆಮಾಡಬಹುದು.

ಆದರೆ ಲಿಂಗವಂತ ಗೃಹಸ್ಥನಿಗೆ ಕಾಯಿದೆಗಿಂತ ಸಮೀಪದ ಕಾರಣವಿದೆ. ಮಗು ಗರ್ಭದಲ್ಲಿರುವಾಗಲೇ ಎಂಟನೆಯ ತಿಂಗಳಲ್ಲಿ ಲಿಂಗಸಂಸ್ಕಾರ ಮಾಡಿಸುವ ಸಂಪ್ರದಾಯ ನಮ್ಮದು. ಆ ಮೇಲೆ ಆ ದೇಹ ನನ್ನ ಸೊತ್ತಾಗಿ ಉಳಿಯುವುದೆಂತು? ಎದೆಯ ಮೇಲೆ ಇಷ್ಟಲಿಂಗವಿರುವ ಮೈಗೆ ಬಾರುಕೋಲಿನಿಂದ ಹೊಡೆದು, ಅದೇ ಕೈಯಲ್ಲಿ ಪತ್ರೆ ಏರಿಸುವುದು ಯಾವ ಪೂಜೆ? ಬಸವಣ್ಣನವರು ಸೋದರಳಿಯನಾದ ಚೆನ್ನಬಸವಣ್ಣನವರನ್ನು, ವಯಸ್ಸಿನಲ್ಲಿ ಕಿರಿಯರಾದರೂ, ಜ್ಞಾನದಲ್ಲಿ ಹಿರಿಯರೆಂದೇ ಕಂಡರು. ಉಪವಾಸ ಕೆಡಹುವ ಶಿಕ್ಷೆಯ ವಿಷಯದಲ್ಲಿಯೂ ನನಗೆ ಇದೇ ಸಂಕಟ. ಆಪಸ್ತಂಬನು ಶಿಷ್ಯನಿಗೆ ಉಪವಾಸವನ್ನು ವಿಧಿಸಿದ್ದಾನೆ, ನಿಜ. ಬಂದ ಜಂಗಮನನ್ನು ಹಸಿದು ಕಳುಹಿಸದ ದಾಸೋಹದ ಮನೆಯಲ್ಲಿ, ಅಂಕ ಕಡಮೆಯಾಯಿತೆಂದು ಮಗಳ ಮುಂದಿನ ತಟ್ಟೆಯನ್ನು ಎಳೆದುಕೊಳ್ಳುವುದನ್ನು ನಾನಂತೂ ಒಪ್ಪಲಾರೆ. “ನೀನು ಹುಟ್ಟಲೇಬಾರದಿತ್ತು” ಎಂಬ ನುಡಿಗೆ ಬಾಸುಂಡೆ ಏಳುವುದಿಲ್ಲ, ಅಷ್ಟೇ ವ್ಯತ್ಯಾಸ.

2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿಮಾಡಿಸಿದ ಸಂಗತಿ ಬಯಲಾಯಿತು. ಸಿಬ್ಬಂದಿಯ ಅಮಾನತಾಯಿತು, ಬಂಧನವೂ ಆಯಿತು. ಕೋಲಾರದ ಟೊಮೇಟೊ ಮಂಡಿಯಲ್ಲಿ ಈ ಸುದ್ದಿಗೆ ಉರಿದುಬಿದ್ದವರೊಬ್ಬರು, “ಪರರ ಮಕ್ಕಳನ್ನು ಹೀಗೆ ಮಾಡಲು ಇವರಿಗೇನು ಹಕ್ಕು?” ಎಂದರು. ಪರರ ಮಕ್ಕಳು! ಸ್ವಂತ ಮಕ್ಕಳಾದರೆ ಆ ಹಕ್ಕು ಹುಟ್ಟುವುದೆಂಬ ಅರ್ಥ ಆ ಮಾತಿನಲ್ಲಿ ಅವರಿಗೆ ತಿಳಿಯದೆಯೇ ಅಡಗಿತ್ತು. ಅದೇ ವರ್ಷ ಜೂನ್ ತಿಂಗಳಲ್ಲಿ ಬಂಗಾರಪೇಟೆ ತಾಲ್ಲೂಕಿನಲ್ಲಿ ಬೇರೆ ಜಾತಿಯವನನ್ನು ಪ್ರೀತಿಸಿದಳೆಂದು ಇಪ್ಪತ್ತರ ಮಗಳು ಹತಳಾದಳು; ಕೊಂದನೆಂದು ಬಂಧಿತನಾದವನು ಹೆತ್ತ ತಂದೆ. ‘ನನ್ನ ಮಗು’ ಎಂಬ ಸ್ವಾಮ್ಯಭಾವ ಬೆಳೆದು ಹೋಗಬಹುದಾದ ಕಟ್ಟಕಡೆಯ ಊರು ಅದು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರೆಂಬ ಇಬ್ಬರು ತಂದೆಯರು ಜಾತಿಯ ಗೋಡೆ ದಾಟಿ ಮಕ್ಕಳ ಮದುವೆಮಾಡಿ ತಾವೇ ಪ್ರಾಣ ತೆತ್ತರೆಂಬುದನ್ನು ಇಲ್ಲಿ ನೆನೆದರೆ ತಲೆ ತಗ್ಗುತ್ತದೆ.

ಎಲ್ಲೆ ಎಲ್ಲಿದೆಯೆಂದು ನನ್ನನ್ನು ಕೇಳಿದರೆ, ತಪ್ಪು ತಿದ್ದಿದೊಡನೆ ನಿಲ್ಲುವುದು ಶಿಕ್ಷೆ, ಹೊಡೆಯುವವನ ಸಿಟ್ಟು ಇಳಿದ ಮೇಲೆ ನಿಲ್ಲುವುದು ಹಿಂಸೆ ಎಂದು ಹೇಳಬಲ್ಲೆ. ಇದನ್ನು ಗ್ರಂಥದಿಂದ ಕಲಿಯಲಿಲ್ಲ.

ಇಪ್ಪತ್ತು ವರ್ಷಗಳಿಗೂ ಹಿಂದೆ, ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗ ಅಮರಕೋಶದ ಪಾಠ ಒಪ್ಪಿಸಲಿಲ್ಲವೆಂದು ನಾನು ಬೆತ್ತವೆತ್ತಿದೆ. ಕೈ ನೀಡುವಾಗ ಅಂಗಿಯ ತೋಳು ಸರಿಯಿತು. ಮೊಣಕೈವರೆಗೆ ಹಗ್ಗದ ಗುರುತುಗಳು. ಬೆತ್ತ ಅಲ್ಲಿಯೇ ಉಳಿಯಿತು. ಆ ಭಾನುವಾರ ಅವರ ಮಾವಿನ ತೋಟಕ್ಕೆ ಹೋದೆ. ತಂದೆ ಸಜ್ಜನರು, ಕಾಯಿ ಇಳಿಸುವ ಆಳುಗಳನ್ನು ಬಿಟ್ಟು ಬಂದು ಕೈಮುಗಿದರು. ವಿಷಯ ತಿಳಿಸಿದಾಗ ನಗುತ್ತಲೇ, “ನಮ್ಮಪ್ಪ ನನ್ನನ್ನು ಇದಕ್ಕಿಂತ ಹೆಚ್ಚು ಹೊಡೆದಿದ್ದಾರೆ ಮೇಷ್ಟ್ರೇ, ನಾನೇನು ಕೆಟ್ಟುಹೋದೆನೆ?” ಎಂದರು. ಬೆತ್ತ ಹಿಡಿದ ಕೈಯವನಾದ ನನ್ನಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಕೇಳಿದೆ: “ಯಾವ ತಪ್ಪಿಗೆ ಹೊಡೆದರು, ಯಜಮಾನರೇ?”

ಅವರು ಬಹಳ ಹೊತ್ತು ಯೋಚಿಸಿದರು. ಕಟ್ಟಿಹಾಕಿದ ಕಂಬ ನೆನಪಿತ್ತು. ಹಗ್ಗ ಎತ್ತಿನದೆಂಬುದು ನೆನಪಿತ್ತು. ಅವ್ವ ಬಾಗಿಲ ಮರೆಯಲ್ಲಿ ನಿಂತು ಅತ್ತದ್ದೂ ನೆನಪಿತ್ತು. ತಪ್ಪು ಯಾವುದೆಂದು ಮಾತ್ರ ನೆನಪಾಗಲಿಲ್ಲ. ಅಷ್ಟರಲ್ಲಿ ಮಗ ಮಜ್ಜಿಗೆ ತಂದ. ಲೋಟವನ್ನು ತಂದೆಗೆ ಕೊಡುವಾಗ ಅವನು ಒಂದು ಹೆಜ್ಜೆ ದೂರವೇ ನಿಂತು ಕೈ ಚಾಚಿದ್ದನ್ನು ನಾನೂ ಕಂಡೆ, ಅವರೂ ಕಂಡರು.