ಹದಿನೈದು ಮಾತ್ರೆಯ ಗಾದೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಪುರ್ತಗೇರಿ, ಗಜೇಂದ್ರಗಡದ ಕಡೆಯ ಮಕ್ಕಳೂ ಗಾದೆಯ ವಿಸ್ತರಣೆಯನ್ನು ಉರು ಹೊಡೆಯುತ್ತಾರೆ. ಅದೇ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪ್ರಸ್ತಾರದ, ಅಂದರೆ ಗುರು–ಲಘು ಗುರುತಿಸಿ ಗಣ ಬಿಡಿಸುವ, ಪ್ರಶ್ನೆಯೂ ಬರುತ್ತದೆ. ಅದು ಷಟ್ಪದಿ, ಕಂದದಂಥ ಪದ್ಯಗಳಿಗೆ ಮೀಸಲು. ಗಾದೆಗೂ ಪ್ರಸ್ತಾರ ಹಾಕಿ ನೋಡಿರೆಂದು ಯಾರೂ ಹೇಳುವುದಿಲ್ಲ. ಹಾಕಿದರೆ ಅರ್ಥ ತಾನೇ ತಿಳಿಯಾಗುತ್ತದೆ.

ಊಟ | ಬಲ್ಲ | ವನಿಗೆ | ರೋಗ | ವಿಲ್ಲ
ಮಾತು | ಬಲ್ಲ | ವನಿಗೆ | ಜಗಳ | ವಿಲ್ಲ

ಗಣಕ್ಕೆ ಮೂರು ಮಾತ್ರೆ, ಸಾಲಿಗೆ ಐದು ಗಣ, ಒಟ್ಟು 15. ಅಕ್ಷರ ಎಣಿಸಿದರೆ ಮೊದಲಿನದು 11, ಎರಡನೆಯದು 12. ಮಾತ್ರೆ ಮಾತ್ರ ಸರಿಸಮ. ನಮ್ಮ ಕಡೆ ‘ರೋಗಿಲ್ಲ’, ‘ಜಗಳಿಲ್ಲ’ ಎಂದು ಆಡಿದರೂ ಎರಡರಲ್ಲೂ ಒಂದೊಂದೇ ಮಾತ್ರೆ ಇಳಿದು ತೂಕ ಉಳಿಯುತ್ತದೆ. ‘ರೋಗ’ದಲ್ಲಿ ಗುರು ಎಳೆಯುತ್ತದೆ, ‘ಜಗಳ’ದಲ್ಲಿ ಮೂರು ಲಘು ಪಟಪಟನೆ ಉದುರುತ್ತವೆ. ರೋಗ ಎಳೆಯುವುದೂ ಹಾಗೆಯೇ, ಜಗಳ ಹತ್ತುವುದೂ ಹಾಗೆಯೇ.

ಇನ್ನು ಪ್ರಾಸ. ಸುಮಾರು ಕ್ರಿ.ಶ. 700ರ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಪ್ರಸಿದ್ಧ ತ್ರಿಪದಿಯಲ್ಲಿ ಮೂರು ಸಾಲಿಗೂ ಎರಡನೆಯ ಅಕ್ಷರ ಧಕಾರವೇ. ಗಾದೆ ಆ ಆದಿಪ್ರಾಸದ ದಾರಿ ಹಿಡಿಯದೆ ‘ಲ್ಲ’ವನ್ನು ನಾಲ್ಕು ಸಲ ನುಡಿಸುತ್ತದೆ: ಬಲ್ಲ–ಇಲ್ಲ, ಬಲ್ಲ–ಇಲ್ಲ. ಬಲ್ಲವನಿದ್ದಲ್ಲಿ ಕೇಡು ಇಲ್ಲ ಎಂಬುದನ್ನು ಬುದ್ಧಿಗಿಂತ ಮೊದಲು ಕಿವಿ ಒಪ್ಪುತ್ತದೆ.

ಊಟದ ಮಾತೇ ಮುಖ್ಯ, ಉಳಿದರ್ಧ ಬರೀ ಜೋಡಣೆ ಎನ್ನುವವರಿದ್ದಾರೆ. ಸರಿಸಮ ತೂಗಿದ ಸಾಲುಗಳಲ್ಲಿ ಜೋಡಣೆ ಯಾವುದು? ಕಡಿಮೆ ತಿನ್ನು, ಕಡಿಮೆ ಮಾತಾಡು ಎಂಬ ಅರ್ಥವೂ ನಿಲ್ಲದು. ‘ಕಡಿಮೆ’ ಎಂದು ಗಾದೆ ಎಲ್ಲಿ ಹೇಳಿದೆ? ದಿನವಿಡೀ ಜೋಳ ಕೊಯ್ದವನು ನಾಲ್ಕು ರೊಟ್ಟಿ ಉಂಡರೆ ಅದೇ ಹದ. ಅನ್ಯಾಯ ಕಂಡೂ ಕಟ್ಟೆಯ ಮೇಲೆ ಬಾಯಿ ಮುಚ್ಚಿ ಕೂತವನು ಮಾತು ಬಲ್ಲವನಲ್ಲ. ಅವನು ನುಂಗಿಕೊಂಡ ಮಾತು ಮುಂದೆ ದೊಡ್ಡ ಜಗಳವಾಗಿಯೇ ಹೊರಬೀಳುತ್ತದೆ. ಬಲ್ಲವನೆಂದರೆ ಹದ ಬಲ್ಲವನು. ಆ ಹದವನ್ನು ಗಾದೆ ಬೋಧಿಸುವುದಿಲ್ಲ, ತಾನೇ ಅಳತೆಯಲ್ಲಿ ನಡೆದು ತೋರಿಸುತ್ತದೆ.

ಇಂದು ಊಟದ ಹದ ಹೇಳಲು ಡಾಕ್ಟರರಿದ್ದಾರೆ. ಮಾತಿನ ಹದ ಹೇಳುವವರು ಯಾರು? ವಾಟ್ಸಾಪಿನ ಒಂದು ಸಾಲಿಗೆ ಒಡಹುಟ್ಟಿದವರು ಮಾತು ಬಿಡುವ ಕಾಲವಿದು. ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೇ: ವಿಸ್ತರಣೆ ಬರೆಸುವ ಮೊದಲು ಮಕ್ಕಳಿಂದ ಈ ಗಾದೆಯನ್ನು ತಾಳ ಹಾಕಿ ಹೇಳಿಸಿ. ಅಳತೆ ಕಿವಿಗೆ ಹತ್ತಿದ ಮಗು, ಬೇರೆಯವರ ಬರಹವನ್ನು ಉರು ಹೊಡೆಯದೆ ಅರ್ಥವನ್ನು ತನ್ನ ಮಾತಿನಲ್ಲೇ ಬರೆಯುತ್ತದೆ.