ದಿನದ ಚಿಂತನೆ: ಮಾರುವ ಮಾತು




ವ್ಯಾಪಾರ ಅಂದರೆ ಒಂದಿಷ್ಟು ಸುಳ್ಳು ಇದ್ದದ್ದೇ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಭಗವಾನ್ ಬುದ್ಧರು ಹಾಗೆ ಒಪ್ಪಲಿಲ್ಲ. ವ್ಯಾಪಾರವನ್ನು ಕೀಳಾಗಿಯೂ ಕಾಣಲಿಲ್ಲ. ಬೋಧಿಪ್ರಾಪ್ತಿಯ ನಂತರ ಅವರಿಗೆ ಆಹಾರ ಅರ್ಪಿಸಿ ಶರಣು ಹೋದ ಮೊದಲ ಗೃಹಸ್ಥರು ತಪುಸ್ಸ ಮತ್ತು ಭಲ್ಲಿಕ ಎಂಬ ಇಬ್ಬರು ವರ್ತಕರು. ಜೇತವನವನ್ನು ಕೊಂಡು ಸಂಘಕ್ಕೆ ಕೊಟ್ಟ ಅನಾಥಪಿಂಡಿಕನೂ ವರ್ತಕನೇ. ಅಂಗುತ್ತರ ನಿಕಾಯದಲ್ಲಿ ಒಳ್ಳೆಯ ಸಾಧಕನನ್ನು ಒಳ್ಳೆಯ ಅಂಗಡಿಕಾರನಿಗೆ ಹೋಲಿಸಿದ ಸುತ್ತವೊಂದಿದೆ. ಕೊಂಡ ಬೆಲೆ, ಮಾರುವ ಬೆಲೆ, ಉಳಿಯುವ ಲಾಭ ಇಷ್ಟನ್ನೂ ಬಲ್ಲವನನ್ನು ಅಲ್ಲಿ ಕಣ್ಣುಳ್ಳವನು ಎಂದು ಕರೆದಿದೆ.

ಹಾಗಾದರೆ ತಪ್ಪು ಎಲ್ಲಿಂದ ಶುರುವಾಗುತ್ತದೆ? ಯಾವ ಐದು ಸರಕುಗಳನ್ನು ಮಾರಬಾರದು ಎಂಬುದು ನಮ್ಮ ಬಳಗದ ಎಲ್ಲರಿಗೂ ಗೊತ್ತು. ಆದರೆ ಒಳ್ಳೆಯ ಸರಕನ್ನೂ ಕೆಟ್ಟ ಮಾತಿನಿಂದ ಮಾರಬಹುದಲ್ಲವೇ? ಮಜ್ಝಿಮ ನಿಕಾಯದ ಮಹಾಚತ್ತಾರೀಸಕ ಸುತ್ತದಲ್ಲಿ ಮಿಥ್ಯಾ ಆಜೀವ ಎಂದರೇನು ಎಂದು ಹೇಳುವಾಗ ಬುದ್ಧರು ಐದು ನಡತೆಗಳನ್ನು ಹೆಸರಿಸುತ್ತಾರೆ. ಆಚಾರ್ಯ ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಇವನ್ನು ಭಿಕ್ಷುಗಳ ನಡತೆಗೆ ಅನ್ವಯಿಸಿ ವಿವರಿಸಿದ್ದಾರೆ. ನನಗೆ ಮಾತ್ರ ಓದುವಾಗಲೆಲ್ಲ ಇಂದಿನ ಜಾಹೀರಾತುಗಳೇ ಕಣ್ಣ ಮುಂದೆ ಬರುತ್ತವೆ.

*ಕುಹನಾ*, ಅಂದರೆ ಸೋಗು. ಬಿಳಿ ಕೋಟು ತೊಟ್ಟ ನಟ ವೈದ್ಯನಂತೆ ನಿಂತು ಟೂತ್‌ಪೇಸ್ಟ್ ತೋರಿಸುವುದು.

*ಲಪನಾ*, ಅಂದರೆ ಸವಿಮಾತಿನಿಂದ ಸುತ್ತಿಕೊಳ್ಳುವುದು. "ನಿಮ್ಮಂಥವರಿಗಾಗಿಯೇ ಈ ಸೈಟು ಇಟ್ಟಿದ್ದೀವಿ ಮೇಡಂ" ಎಂಬ ಮಧ್ಯಾಹ್ನದ ಫೋನು.

*ನೇಮಿತ್ತಿಕತಾ*, ಅಂದರೆ ಬಾಯಿಬಿಟ್ಟು ಹೇಳದೆ ಸೂಚಿಸುವುದು. 'ಹೆಲ್ತ್ ಡ್ರಿಂಕ್' ಎಂಬ ಹೆಸರನ್ನೇ ನೋಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು ಆ ಹೆಸರಿನಡಿ ಇಡಬೇಡಿ ಎಂದು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು.

*ನಿಪ್ಪೇಸಿಕತಾ*, ಅಂದರೆ ಎದುರಿನವರನ್ನು ಕುಗ್ಗಿಸುವುದು. 1975ರಿಂದ ನಮ್ಮ ಹೆಣ್ಣುಮಕ್ಕಳಿಗೆ ಬಿಳಿಯಾಗುವ ಆಸೆ ಹಚ್ಚಿದ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬ ಪದವನ್ನು ಕೈಬಿಟ್ಟಿತು. ಹೆಸರು ಬದಲಾಯಿತು. ತರಗತಿಯಲ್ಲಿ ಹಿಂದಿನ ಬೆಂಚಿನ ಕಪ್ಪು ಹುಡುಗಿ ಫೋಟೋಕ್ಕೆ ನಿಲ್ಲಲು ಈಗಲೂ ಹಿಂಜರಿಯುತ್ತಾಳೆ.

*ಲಾಭೇನ ಲಾಭಂ*, ಅಂದರೆ ಚಿಕ್ಕ ಲಾಭ ತೋರಿಸಿ ದೊಡ್ಡದನ್ನು ಸೆಳೆಯುವುದು. ನಮ್ಮ ಭಾಷೆಯಲ್ಲಿ ಗಾಳಕ್ಕೆ ಎರೆಹುಳು. ಮೊದಲ ತಿಂಗಳು ಉಚಿತ, ಆಮೇಲೆ ತಿಂಗಳು ತಿಂಗಳು ಖಾತೆಯಿಂದ ಹಣ ಕಡಿತ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ 'ಡಾರ್ಕ್ ಪ್ಯಾಟರ್ನ್' ಎಂದು ನಿಷೇಧಿಸಿದ 13 ಚಾಳಿಗಳಲ್ಲಿ ಇದೂ ಒಂದು. ಕೊಳ್ಳದವರನ್ನು ನಾಚಿಸುವುದೂ ಆ ಪಟ್ಟಿಯಲ್ಲಿದೆ.

ಈ ಐದರಲ್ಲಿ ನೇರ ಸುಳ್ಳು ಕಡಿಮೆ ಎಂಬುದನ್ನು ಗಮನಿಸಿ. ನಿಜವನ್ನೇ ಆಡಿ ಮೋಸ ಮಾಡುವುದು ಸಾಧ್ಯ.

ಇದು ನನಗೆ ಸ್ಪಷ್ಟವಾದದ್ದು ಒಬ್ಬ ವಿದ್ಯಾರ್ಥಿನಿಯ ತಾಯಿಯಿಂದ. ಅವರು ಮನೆಯಲ್ಲೇ ರಾಗಿ, ನವಣೆ, ಹೆಸರುಕಾಳು ಹುರಿದು ಬೀಸಿಸಿ ಮಾಲ್ಟ್ ಪುಡಿ ಮಾರುತ್ತಾರೆ. ಮಗಳ ಫೀಸು ಅದರಿಂದಲೇ ಸಾಗಬೇಕು. "ಮೇಡಂ, ನೀವು ಕನ್ನಡ ಎಂ.ಎ. ಓದಿದವರು. ಜನ ತಗೊಳ್ಳೋ ಹಾಗೆ ವಾಟ್ಸಾಪ್‌ಗೆ ನಾಲ್ಕು ಸಾಲು ಬರ್ಕೊಡಿ" ಎಂದರು. ಮಾದರಿಗೆಂದು ಬೇರೊಬ್ಬರ ಜಾಹೀರಾತನ್ನೂ ತೋರಿಸಿದರು. ಅದರಲ್ಲಿ ಸಕ್ಕರೆ ಕಾಯಿಲೆ ಮಾಯವಾಗುತ್ತದೆ ಎಂದಿತ್ತು. ಅದು ಬೇಡ ಎಂದು ಅವರಿಗೇ ಅನಿಸಿತ್ತು. "ಸಕ್ಕರೆ ಹಾಕಿಲ್ಲ, ಶುಗರ್ ಇರೋರಿಗೆ ಒಳ್ಳೇದು ಅಂತ ಬರೆದ್ರೆ ಸಾಕಲ್ವಾ?" ಎಂದರು.

ಸಕ್ಕರೆ ಹಾಕಿಲ್ಲ ಎಂಬುದು ನಿಜ. ಆದರೆ ರಾಗಿಯ ಹಿಟ್ಟೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. "ನಿಮ್ಮ ಬೀದಿಯ ಅಜ್ಜ ಇದನ್ನು ಓದಿ, ನಾಳೆಯಿಂದ ಮಾತ್ರೆ ಬಿಡ್ಲಾ ತಾಯಿ ಅಂತ ಕೇಳಿದ್ರೆ ಏನು ಹೇಳ್ತೀರಿ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ ತಾತ, ಡಾಕ್ಟರನ್ನ ಕೇಳಿ ಅಂತೀನಿ" ಎಂದರು. ಹಾಗಾದರೆ ಅದನ್ನೇ ಬರೆಯೋಣ ಎಂದೆ.

ಒಳ್ಳೆಯ ಮಾತಿಗೆ ಬುದ್ಧರು ಹೇಳಿದ ಐದು ಗುಣಗಳನ್ನೇ ಅಳತೆಯಾಗಿ ಇಟ್ಟುಕೊಂಡೆವು: ಸಮಯಕ್ಕೆ ತಕ್ಕದ್ದು, ಸತ್ಯ, ಮೃದು, ಪ್ರಯೋಜನಕರ, ಮೈತ್ರಿಯಿಂದ ಕೂಡಿದ್ದು. ಏನೇನು ಎಷ್ಟೆಷ್ಟು ಹಾಕಿದೆ, ಯಾವ ದಿನ ಹುರಿದದ್ದು, ಎಷ್ಟು ದಿನ ಇಡಬಹುದು, ಬೆಲೆ ಎಷ್ಟು, ಹಿಡಿಸದಿದ್ದರೆ ಯಾವ ನಂಬರಿಗೆ ಹೇಳಬೇಕು. ಕೊನೆಯಲ್ಲಿ, ಇದು ಆಹಾರ, ಔಷಧವಲ್ಲ. ಶುಗರ್ ಇರುವವರು ವೈದ್ಯರನ್ನು ಕೇಳಿ ಕುಡಿಯಿರಿ. ಸಂದೇಶವನ್ನು ರಾತ್ರಿ ಹತ್ತಕ್ಕೆ ಕಳಿಸದೆ, ಜನ ವಾರದ ಸಾಮಾನಿನ ಪಟ್ಟಿ ಮಾಡುವ ಶನಿವಾರ ಬೆಳಿಗ್ಗೆ ಕಳಿಸುವುದು ಎಂದಾಯಿತು.

"ಔಷಧವಲ್ಲ ಅಂತ ನಾವೇ ಬರೆದ್ರೆ ಯಾರು ತಗೋತಾರೆ ಮೇಡಂ?" ಎಂದು ಅವರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಸತ್ಯ ಹೇಳಿದರೆ ಮಾರಾಟ ಹೆಚ್ಚುತ್ತದೆ ಎಂದು ನಾನು ಭರವಸೆ ಕೊಡಲಿಲ್ಲ. ಹಾಗೆ ಹೇಳುವುದೂ ಒಂದು ಜಾಹೀರಾತೇ. ಕೆಲವೊಮ್ಮೆ ಸತ್ಯಕ್ಕೆ ಗಿರಾಕಿ ಕಡಿಮೆ. ಆ ನಷ್ಟ ಫೀಸು ಕಟ್ಟಬೇಕಾದ ತಾಯಿಗೆ ಚಿಕ್ಕದಲ್ಲ, ಸಂಬಳ ಬರುವ ನಾನು ಅದನ್ನು ಹಗುರವಾಗಿ ಮಾತಾಡಬಾರದು. ಆದರೆ ಈ ಮಾತಿನಿಂದ ಕೊಂಡವರು ತಿಳಿದೇ ಕೊಂಡಿರುತ್ತಾರೆ. ಅವರ ಕಣ್ಣು ತಪ್ಪಿಸಿ ನಡೆಯುವ ಅಗತ್ಯ ಆ ತಾಯಿಗೆ ಎಂದೂ ಬರುವುದಿಲ್ಲ.

ಒಳ್ಳೆಯ ಮಾರಾಟದ ಮಾತು ಕೊಳ್ಳುವವರ ಕಣ್ಣು ತೆರೆಸುತ್ತದೆ, ಕೆಟ್ಟದ್ದು ಅವರ ಕಣ್ಣು ಮುಚ್ಚಿಸುತ್ತದೆ. ಎರಡರಿಂದಲೂ ಸರಕು ಖರ್ಚಾಗಬಹುದು. ಆದ್ದರಿಂದ ಎಷ್ಟು ಮಾರಾಟವಾಯಿತು ಎಂಬ ಲೆಕ್ಕ ಮಾತ್ರ ಸಾಲದು, ಕೊಂಡವರು ಮನೆಗೆ ಹೋದ ಮೇಲೆ ಏನಾಯಿತು ಎಂಬ ಲೆಕ್ಕವೂ ಬೇಕು.

ಇಂದಿನ ಅಭ್ಯಾಸ: ನಿಮ್ಮ ಮೊಬೈಲಿಗೆ ಬರುವ ಒಂದು ಜಾಹೀರಾತನ್ನು ನಿಧಾನವಾಗಿ ಓದಿ. ಐದು ದೋಷಗಳಲ್ಲಿ ಯಾವುದಿದೆ ನೋಡಿ. ಅದು ಗೆಳೆಯರದೇ ಆದರೂ, ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವ ಮುನ್ನ ಆ ಅಜ್ಜನ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿ. ಫಾರ್ವರ್ಡ್ ಮಾಡಿದ ಮಾತೂ ನಮ್ಮದೇ ಮಾತು.

ಭವತು ಸಬ್ಬ ಮಂಗಲಂ.