ಬೀದಿಯ ಬಂಡಿ, ಕಣದ ಬಂಡಿ

ಒಂದು ವಸ್ತುವನ್ನು ಆದಿಯಿಂದ ಅಂತ್ಯದವರೆಗೆ ತನ್ನ ಕೈಯಿಂದಲೇ ನಿರ್ಮಿಸಬೇಕೆಂಬ ಬಯಕೆ ಮನುಷ್ಯನಿಗೆ ಸಹಜವಾದದ್ದು. ಸಹಜವಷ್ಟೇ ಅಲ್ಲ, ಶ್ಲಾಘ್ಯವೂ ಹೌದು. ನಮ್ಮ ಸೀಮೆಯಲ್ಲಿ ಈ ಬಯಕೆಗೆ ಹಳೆಯ ನೆಲೆಯುಂಟು. ಚನ್ನಪಟ್ಟಣದ ಕಸಬುಗಾರನು ಹಾಲೆಯ ಮರದ ತುಂಡೊಂದನ್ನು ಕೈಗೆತ್ತಿಕೊಂಡು, ಕಡೆದು, ಬಣ್ಣವೇರಿಸಿ, ಬೊಂಬೆಯಾಗಿ ಕೆಳಗಿಡುತ್ತಾನೆ. ೧೯೯೯ರ ಕೊನೆಯಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದಂದಿನಿಂದ ಮೋಟಾರು ಗಾಡಿಯ ನಿರ್ಮಾಣವೂ ಈ ಸೀಮೆಯ ಕಸಬುಗಳ ಸಾಲಿಗೆ ಸೇರಿತು. ಆದರೆ ಕಾರ್ಖಾನೆಯ ಕೆಲಸದ ರೀತಿಯೇ ಬೇರೆ. ಅಲ್ಲಿ ಒಬ್ಬನು ಬಾಗಿಲನ್ನು ಕೂಡಿಸುತ್ತಾನೆ, ಮತ್ತೊಬ್ಬನು ಗಾಲಿಯನ್ನು ಬಿಗಿಯುತ್ತಾನೆ. ಇಡೀ ಗಾಡಿಯನ್ನು ‘ಇದು ನಾನು ಮಾಡಿದ್ದು’ ಎಂದು ಹೇಳಬಲ್ಲವನು ಯಾವನೂ ಇಲ್ಲ.

ಆದಕಾರಣ ಯಂತ್ರವಿದ್ಯೆಯನ್ನು ಕಲಿತ ತರುಣನಾಗಲಿ ತರುಣಿಯಾಗಲಿ, ‘ಬಿಡಿ ಭಾಗಗಳನ್ನು ತರಿಸಿ ಇಡೀ ಕಾರನ್ನು ನಾನೇ ಜೋಡಿಸುವೆನು, ಕೆಲಸದ ದಿನಗಳಲ್ಲಿ ಬೀದಿಯಲ್ಲಿ ನಡೆಸುವೆನು, ಬಿಡುವಿನ ದಿನ ಪಂದ್ಯದ ಕಣಕ್ಕೆ ಒಯ್ಯುವೆನು’ ಎಂದು ಯೋಜಿಸಿದರೆ, ಅದನ್ನು ಹುಡುಗಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ಯೋಜನೆಯೊಳಗೆ ವಿಚಾರಾರ್ಹವಾದ ಒಂದು ಪ್ರಶ್ನೆ ಅಡಗಿದೆ. ಒಂದೇ ಬಂಡಿ ಎರಡು ಧರ್ಮಗಳನ್ನು ನಡೆಸಬಲ್ಲುದೆ? ನಡೆಸಲಾರದಾದರೆ, ಅದನ್ನು ಮಾಡುವವನ ಕರ್ತವ್ಯವೇನು?

ಇಂತಹ ಬಂಡಿಯ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನದು. ೧೯೫೭ರಲ್ಲಿ ಕಾಲಿನ್ ಚಾಪ್ಮನ್ನರ ಲೋಟಸ್ ಸಂಸ್ಥೆಯು ‘ಸೆವೆನ್’ ಎಂಬ ಹಗುರವಾದ ಕಾರನ್ನು ಹೊರತಂದಿತು. ಆಗ ಆ ದೇಶದಲ್ಲಿ ಸಿದ್ಧವಾದ ಕಾರಿಗೆ ಖರೀದಿ ತೆರಿಗೆಯಿತ್ತು. ಬಿಡಿ ಭಾಗಗಳಾಗಿ ಕೊಂಡರೆ ಆ ತೆರಿಗೆಯಿರಲಿಲ್ಲ. ಹೀಗಾಗಿ ಅನೇಕರು ಭಾಗಗಳನ್ನು ಕೊಂಡು ಮನೆಯ ಕೊಟ್ಟಿಗೆಯಲ್ಲಿಯೇ ಗಾಡಿಯನ್ನು ಜೋಡಿಸಿ, ಅದರಲ್ಲಿಯೇ ಪಂದ್ಯಕ್ಕೆ ಹೋಗಿ, ಪಂದ್ಯವಾಡಿ, ಅದರಲ್ಲಿಯೇ ಮನೆಗೆ ಮರಳುತ್ತಿದ್ದರು. ನಮ್ಮ ನೆರೆಯ ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನರು ಮಾರುತಿಯ ಎಂಜಿನ್ನನ್ನು ಆಧಾರ ಮಾಡಿಕೊಂಡು ಒಂಟಿ ಆಸನದ ಪಂದ್ಯದ ಗಾಡಿಗಳನ್ನು ಕಟ್ಟಿ, ಸಾಧಾರಣ ಸ್ಥಿತಿಯ ತರುಣರಿಗೂ ಈ ವಿದ್ಯೆ ಎಟಕುವಂತೆ ಮಾಡಿದರು. ಅವರು ೧೯೯೫ರಲ್ಲಿ ತೀರಿಕೊಂಡರು. ಅಲ್ಲಿಯ ಪಂದ್ಯದ ಕಣಕ್ಕೆ ಈಗ ಅವರ ಹೆಸರೇ ಇದೆ. ಈ ಎರಡು ಉದಾಹರಣೆಗಳಲ್ಲಿ ಒಂದು ಭೇದವನ್ನು ಗಮನಿಸಬೇಕು. ಮೊದಲನೆಯದು ಬೀದಿ ಕಣಗಳೆರಡಕ್ಕೂ ಸಲ್ಲಬೇಕೆಂದು ಹೊರಟದ್ದು. ಎರಡನೆಯದು ಕಣಕ್ಕೆಂದೇ ಹುಟ್ಟಿದ್ದು.

ಎರಡನ್ನೂ ಸಲ್ಲಿಸುವುದು ಏಕೆ ಕಷ್ಟವೆಂಬುದು ಯಂತ್ರದ ವಿವರಕ್ಕೆ ಹೋದರೆ ತಿಳಿಯುತ್ತದೆ. ಕಣದ ಗಾಡಿಯ ತಡೆ, ಅಂದರೆ ಬ್ರೇಕು, ಚೆನ್ನಾಗಿ ಬಿಸಿಯೇರಿದ ಮೇಲೆ ಬಲವಾಗಿ ಹಿಡಿಯುವಂಥದ್ದು. ಬೆಳಗಿನ ತಂಪಿನಲ್ಲಿ ಮನೆಯಿಂದ ಹೊರಟು ಮೊದಲ ತಿರುವಿನಲ್ಲಿಯೇ ಕರು ಅಡ್ಡ ಬಂದರೆ ಅದು ಬೇಕಾದಷ್ಟು ಹಿಡಿಯದು. ಕಣದ ಟೈರು ಗೀರುಗಳಿಲ್ಲದೆ ನುಣುಪಾಗಿರುವುದು. ಒಣನೆಲದಲ್ಲಿ ಅದರ ಹಿಡಿತಕ್ಕೆ ಸಮವಿಲ್ಲ, ಮಳೆ ಬಿದ್ದ ದಾರಿಯಲ್ಲಿ ಅದು ನೀರಿನ ಮೇಲೆ ತೇಲಿ ಜಾರುತ್ತದೆ. ಕಣದಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೋ ಅಷ್ಟು ಮೇಲು; ಮಾಗಡಿಯ ಹಳ್ಳಿದಾರಿಯ ಮೊದಲ ಉಬ್ಬಿನಲ್ಲಿಯೇ ಆ ಹೊಟ್ಟೆ ಉಜ್ಜುತ್ತದೆ. ಇನ್ನೂ ವಿಚಿತ್ರವಾದದ್ದೊಂದಿದೆ. ಗಾಡಿ ಮಗುಚಿದರೆ ಪ್ರಾಣವನ್ನು ಕಾಯಲೆಂದು ಒಳಗೆ ಉಕ್ಕಿನ ಕೊಳವೆಗಳ ಪಂಜರವನ್ನು ಕಟ್ಟುತ್ತಾರೆ. ಶಿರಸ್ತ್ರಾಣ ತೊಟ್ಟು, ಪಟ್ಟಿಗಳಿಂದ ಬಿಗಿದು ಕುಳಿತವನನ್ನು ಅದು ಕಾಯುತ್ತದೆ. ಬರಿದಲೆಯಲ್ಲಿ ಕುಳಿತವನಿಗೆ, ಅಪಘಾತದ ಹೊಡೆತದಲ್ಲಿ, ಅದೇ ಕೊಳವೆ ತಲೆಯೊಡೆಯುವ ಸಾಧನವಾಗಬಹುದು. ಹೀಗೆ ಅಲ್ಲಿ ಗುಣವಾದದ್ದು ಇಲ್ಲಿ ದೋಷ. ಅಲ್ಲಿ ರಕ್ಷಕವಾದದ್ದು ಇಲ್ಲಿ ಭಕ್ಷಕ.

ಆದರೆ ಬೀದಿಗೂ ಕಣಕ್ಕೂ ಇರುವ ಮುಖ್ಯ ಭೇದ ಯಂತ್ರದ್ದಲ್ಲ, ಸಮ್ಮತಿಯದು. ಕಣಕ್ಕೆ ಇಳಿಯುವವರೆಲ್ಲರೂ ಅಪಾಯವನ್ನು ಬಲ್ಲವರು, ಅದಕ್ಕೆ ಒಪ್ಪಿ ಬಂದವರು. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಎದುರು ಬರುವವರಿಲ್ಲ, ಅಡ್ಡ ಹಾಯುವವರಿಲ್ಲ. ಬೀದಿ ಹಾಗಲ್ಲ. ನಸುಕಿನಲ್ಲಿ ರೇಷ್ಮೆಗೂಡಿನ ಚೀಲವನ್ನು ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟ ರೈತನುಂಟು. ಸುಗ್ಗಿಯಲ್ಲಿ ದಾರಿಯನ್ನೇ ಕಣ ಮಾಡಿಕೊಂಡು ರಾಗಿಯ ತೆನೆ ಹರಡಿದ ಮುದುಕಿಯುಂಟು. ಕನಕಪುರದ ಕಾಡಂಚಿನ ದಾರಿಗಳಲ್ಲಿ ಕತ್ತಲಾದ ಮೇಲೆ ಆನೆಯೂ ಉಂಟು. ಇವರಲ್ಲಿ ಯಾರೂ ನಮ್ಮ ತರುಣನ ಆಟಕ್ಕೆ ಒಪ್ಪಿಗೆಯಿತ್ತವರಲ್ಲ. ಅಂತಹ ಆಟವೊಂದು ನಡೆಯುತ್ತಿದೆಯೆಂದು ಅರಿತವರೂ ಅಲ್ಲ. ಒಬ್ಬನು ತನ್ನ ಪ್ರಾಣವನ್ನು ಪಣವಾಗಿಡುವುದು ಸಾಹಸವೆನಿಸಬಹುದು. ಕೇಳದೆಯೇ ಪರರ ಪ್ರಾಣವನ್ನು ಪಣವಾಗಿಡುವುದು ಯಾವ ಮಾತಿನಿಂದಲೂ ಸಾಹಸವೆನಿಸಲಾರದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ದೋಷ ಗಾಡಿಯದಲ್ಲ, ನಡೆಸುವವನದು. ಬೀದಿಯಲ್ಲಿ ಮೆಲ್ಲನೆ ನಡೆಸಿದರಾಯಿತು.’ ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಸಾಧನವು ಮನಸ್ಸನ್ನು ಎಳೆಯುತ್ತದೆಂಬುದು ಲೋಕಾನುಭವ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳ ಪಕ್ಕದಲ್ಲಿಯೇ ಹಾದುಹೋಗುತ್ತದೆ. ದಾರಿ ನೇರವಾಗಿ ಅಗಲವಾಗಿ ತೆರೆದುಕೊಂಡೊಡನೆ ವೇಗ ಏರಿತು. ವೇಗದೊಡನೆ ಸಾವುಗಳೂ ಏರಿದವು. ಕಡೆಗೆ ಅದೇ ವರ್ಷದ ಆಗಸ್ಟ್ ೧ರಿಂದ ಮುಖ್ಯಪಥದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ನಿಷೇಧಿಸಬೇಕಾಯಿತು. ಅಲ್ಲಿ ವೇಗವಾಗಿ ಓಡಿದವರೆಲ್ಲರೂ ದುಷ್ಟರೆಂದು ಹೇಳಲಾಗದು. ದಾರಿ ಕರೆಯಿತು, ಅವರು ಓಗೊಟ್ಟರು. ಸಾಧಾರಣ ಗಾಡಿಯಲ್ಲಿ ಕುಳಿತವನಿಗೇ ಈ ಸೆಳೆತವಿದ್ದರೆ, ವೇಗಕ್ಕೆಂದೇ ಕಟ್ಟಿದ ಗಾಡಿಯಲ್ಲಿ ಕುಳಿತವನ ಪಾಡೇನು? ವೇಗ ಎರಡು ಪಟ್ಟಾದರೆ ಗಾಡಿಯಲ್ಲಿ ತುಂಬಿದ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆತ್ಮಸಂಯಮವೂ ಅದೇ ಲೆಕ್ಕದಲ್ಲಿ ಬೆಳೆಯುವುದೆಂದು ನಂಬುವುದು ಕಠಿಣ.

ಎರಡನೆಯ ಆಕ್ಷೇಪ ಶಾಸನವನ್ನು ಕುರಿತದ್ದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿಯಂತೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸುವ ಸ್ವಾತಂತ್ರ್ಯ ಮಾಲೀಕನಿಗಿಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಹೊಸದಾಗಿ ಗಾಡಿ ತಯಾರಿಸುವವರು ಅದರ ಮಾದರಿಯನ್ನು ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ನಿನಂತಹ ಗೊತ್ತುಪಡಿಸಿದ ಸಂಸ್ಥೆಯ ಪರೀಕ್ಷೆಗೆ ಒಪ್ಪಿಸಬೇಕು. ಸಾವಿರಾರು ಗಾಡಿ ಮಾರುವ ಕಾರ್ಖಾನೆಗೆ ಈ ವೆಚ್ಚ ಹಗುರ. ಒಂದೇ ಒಂದನ್ನು ಕಟ್ಟುವವನಿಗೆ ಅದು ಬೆಟ್ಟ. ‘ದೊಡ್ಡವರಿಗೆ ಹೆಬ್ಬಾಗಿಲು, ಒಬ್ಬಂಟಿಗನಿಗೆ ಗೋಡೆ, ಇದು ನ್ಯಾಯವೇ?’ ಎಂದು ತರುಣನು ಕೇಳುತ್ತಾನೆ. ಅವನ ದೂರಿನಲ್ಲಿ ಹುರುಳಿದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಗಾಡಿಯನ್ನೂ ಸರ್ಕಾರದವರು ಪರೀಕ್ಷಿಸಿ, ಉತ್ತೀರ್ಣವಾದರೆ ಬೀದಿಗೆ ಬಿಡುವ ಕ್ರಮವಿದೆ. ನಮ್ಮಲ್ಲಿಯೂ ಅಂತಹ ಕಿರುಬಾಗಿಲೊಂದು ತೆರೆದರೆ ಕೈಕಸಬಿಗೂ ವಿದ್ಯೆಗೂ ಉಪಕಾರವಾದೀತು. ಹಾಗೆಂದು ವಾದಿಸುವುದು ಪೌರನ ಹಕ್ಕು.

ಆದರೆ ಬಾಗಿಲಿಲ್ಲವೆಂದು ಗೋಡೆಗೆ ಕನ್ನ ಕೊರೆಯಬಹುದೆ? ಗುಜರಿಗೆ ಹೋದ ಹಳೆಯ ಕಾರಿನ ಸಂಖ್ಯೆಯನ್ನೂ ಕಾಗದಗಳನ್ನೂ ಕೊಂಡು, ಹೊಸದಾಗಿ ಕಟ್ಟಿದ ಬಂಡಿಗೆ ಅಂಟಿಸುವ ಉಪಾಯವನ್ನು ಹೇಳಿಕೊಡುವವರೂ ಉಂಟು. ಇದು ಜಾಣತನದ ವೇಷ ತೊಟ್ಟ ಸುಳ್ಳು. ತನ್ನ ಕೈಯ ಕೆಲಸದಲ್ಲಿ ಅಭಿಮಾನವಿಟ್ಟು ಹೊರಟವನು, ಆ ಕೆಲಸವನ್ನು ಬೇರೊಂದರ ಹೆಸರಿನಲ್ಲಿ ಬಚ್ಚಿಡಬೇಕಾದರೆ, ಅಭಿಮಾನಕ್ಕೆ ಉಳಿದ ಜಾಗವೆಲ್ಲಿ? ‘ಇದು ನಾನು ಮಾಡಿದ್ದು’ ಎಂದು ಹೇಳುವ ಸುಖಕ್ಕಾಗಿಯೇ ಅಲ್ಲವೆ ಅವನು ಮೊದಲ ತಿರುಪನ್ನು ಬಿಗಿದದ್ದು? ಕಾಯಿದೆಯನ್ನು ತಪ್ಪಿಸಿಕೊಂಡರೂ ಈ ನಷ್ಟವನ್ನು ತಪ್ಪಿಸಿಕೊಳ್ಳಲಾಗದು.

ಹಾಗಾದರೆ ದಾರಿ ಯಾವುದು? ಮೊದಲು ಹೇಳಿದ ಬೊಂಬೆಯ ಕಸಬುಗಾರನಲ್ಲಿಯೇ ಉತ್ತರವಿದೆಯೆಂದು ನನ್ನ ಭಾವನೆ. ಅವನು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ; ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ; ಗರಿಯಿಂದ ತೀಡಿದಾಗ ಹೊಳಪು ಬರುತ್ತದೆ. ಒಳ್ಳೆಯ ಕಸಬುಗಾರನು ಅಂಚುಗಳನ್ನು ದುಂಡಗೆ ಮಾಡುತ್ತಾನೆ, ಅರಿಸಿನದಂತಹ ಸಸ್ಯಮೂಲದ ಬಣ್ಣವನ್ನು ಆರಿಸುತ್ತಾನೆ. ಏಕೆಂದರೆ ಬೊಂಬೆ ಹೋಗುವುದು ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಮಗು ಅದನ್ನು ಪರೀಕ್ಷಿಸಲಾರದು; ಅದರ ಪರವಾಗಿ ಪರೀಕ್ಷಿಸುವವನು ಮಾಡಿದವನೇ. ತಿಳಿಯದವನ ಪರವಾಗಿ ತಿಳಿದವನು ಎಚ್ಚರವಹಿಸುವುದೇ ಕಸಬಿನ ಧರ್ಮ. ಬೀದಿಯಲ್ಲಿ ನಡೆಯುವವನು ಎದುರು ಬರುವ ಗಾಡಿಯ ವಿಷಯದಲ್ಲಿ ಆ ಮಗುವಿನಂತೆಯೇ. ಅದರ ಬ್ರೇಕು ಎಂಥದ್ದು, ಬೆಸುಗೆ ಎಂಥದ್ದು ಎಂಬುದನ್ನು ಅವನು ಬಲ್ಲವನಲ್ಲ.

ಆದಕಾರಣ ಇಂತಹ ಬಂಡಿಯನ್ನು ಯೋಜಿಸುವವನು ಎಂಜಿನ್ನಿನ ಬಲವನ್ನು ಲೆಕ್ಕಹಾಕುವುದಕ್ಕೆ ಮುಂಚೆಯೇ, ಇದು ಮೊದಲು ಯಾರಿಗೆ ಸಲ್ಲಬೇಕೆಂದು ಗೊತ್ತುಮಾಡಬೇಕು. ಬೀದಿಗೆಂದರೆ ಬ್ರೇಕು, ಟೈರು, ದೀಪ, ಎತ್ತರಗಳೆಲ್ಲ ಬೀದಿಯ ಮಾತನ್ನೇ ಕೇಳಬೇಕು. ಶಾಸನದ ಪರೀಕ್ಷೆಗೆ ಮುಚ್ಚುಮರೆಯಿಲ್ಲದೆ ನಿಲ್ಲಬೇಕು. ಕಣಕ್ಕೆ ಹೋದಾಗ ಹಿಂದೆ ಬೀಳುವುದನ್ನು ನಗುತ್ತ ಒಪ್ಪಬೇಕು. ಕಣಕ್ಕೆಂದರೆ ಅದನ್ನು ಲಾರಿಯ ಮೇಲೇರಿಸಿ ಕೊಯಮತ್ತೂರಿಗೋ ಚೆನ್ನೈ ಬಳಿಯ ಇರುಂಗಾಟುಕೋಟೆಗೋ ಒಯ್ಯಬೇಕು; ಅಲ್ಲಿ ಮನದಣಿಯೆ ಓಡಿಸಬೇಕು; ಲಾರಿಯ ಮೇಲೆಯೇ ಮರಳಿ ತರಬೇಕು. ಎರಡರಲ್ಲಿಯೂ ಸ್ವಲ್ಪ ತ್ಯಾಗವಿದೆ. ಎರಡೂ ಪೂರ್ಣವಾಗಿ ಬೇಕೆಂಬವನು ತಾನು ಮಾಡಬೇಕಾದ ತ್ಯಾಗವನ್ನು ದಾರಿಹೋಕನ ತಲೆಗೆ ಕಟ್ಟುತ್ತಾನೆ.

ಯಂತ್ರವಿದ್ಯೆ ಬೆಳೆಯಲಿ, ನಮ್ಮ ತಾಲ್ಲೂಕುಗಳ ಮಕ್ಕಳು ಕಾರ್ಖಾನೆಯ ಒಂದು ತಿರುಪಿಗೆ ತೃಪ್ತರಾಗದೆ ಇಡೀ ಬಂಡಿಯನ್ನೇ ಕಟ್ಟಲಿ. ಆದರೆ ಹಾಗೆ ಕಟ್ಟುವ ಮನೆಯಲ್ಲಿ ಹಿರಿಯರು ‘ಇದು ಎಷ್ಟು ವೇಗವಾಗಿ ಓಡುತ್ತದಪ್ಪ?’ ಎಂದು ಕೇಳುವುದಕ್ಕೆ ಮೊದಲು ‘ಎಷ್ಟು ಬೇಗ ನಿಲ್ಲುತ್ತದಪ್ಪ?’ ಎಂದು ಕೇಳುವುದನ್ನು ರೂಢಿಮಾಡಿಕೊಂಡರೆ ಒಳಿತು.